ಮಾವಿನ ತೋಪಿನ ಒಲೆ

೧೪ ಜನವರಿ ೧೯೬೨, ರವಿವಾರ

ಮಗಳು ಶೇಖವ್ವ ಏಳನೆಯ ಇಯತ್ತೆಯಲ್ಲಿ ಅರ್ಧ ಬರೆದು ಬಿಟ್ಟ ವಹಿ ಇದು. ಉಳಿದರ್ಧ ನನಗೆ. ಮುಲ್ಕಿ ಪರೀಕ್ಷೆ ಪಾಸಾಗಿ ಹದಿನೆಂಟು ವರ್ಷ ಬರೀ ರೊಟ್ಟಿ ಬಡಿದ ಕೈಗೆ ಅಕ್ಷರ ಇನ್ನೂ ಒಲಿಯುತ್ತವೆಯೋ ಇಲ್ಲವೋ ನೋಡೋಣ. ಮನಸ್ಸಿನಲ್ಲಿದ್ದುದನ್ನು ಚಿಕ್ಕೇರೂರಿನಲ್ಲಿ ಯಾರ ಮುಂದೆ ಆಡಿದರೂ ಅದು ಸಂಜೆಯೊಳಗೆ ಊರು ಸುತ್ತಿ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಕಾಗದಕ್ಕೆ ಕಾಲಿಲ್ಲ, ಅಷ್ಟೇ ಸಮಾಧಾನ.

ಇವತ್ತು ಸಂಕ್ರಾಂತಿ. ಊಟವಾದ ಮೇಲೆ ಮಾವನವರು ಉಳವಿಯ ಬಂಡಿಯ ಮಾತು ತೆಗೆದರು. ಅವರ ಹೆಸರೇ ಉಳಿವೆಪ್ಪ. ಭಾರತ ಹುಣ್ಣಿಮೆಗೆ ಉಳವಿ ಜಾತ್ರೆಗೆ ಬಂಡಿ ಹೂಡದ ವರ್ಷ ಅವರ ನೆನಪಿನಲ್ಲಿಲ್ಲ. ಹೋಗುವುದು ಆರು ದಿನ, ಬರುವುದು ಆರು ದಿನ. ಕೆರೆ ಕಂಡಲ್ಲಿ, ತೋಪು ಕಂಡಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಬಂಡಿಯ ಕೆಳಗೇ ಮಲಗುವುದು. ದೇವರ ದರ್ಶನ ಅರ್ಧ ತಾಸಿನದು. ನಮಗೆ ಹಬ್ಬವೆಂದರೆ ಆ ವಸ್ತಿಗಳೇ.

“ಶೇಖವ್ವಗ ಇದ ಕಡೀ ಉಳವಿರಿ ಮಾವ,” ಎಂದೆ. ಯುಗಾದಿಯ ನಂತರ ಅವಳ ಮದುವೆ, ಸವಣೂರಿನ ಮನೆ. ಮದುವೆಯಾದ ಹುಡುಗಿ ತವರಿನ ಬಂಡಿ ಹತ್ತುವುದು ಆ ಮನೆಯವರು ಕಳಿಸಿದರೆ ಮಾತ್ರ.

ಮಾವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಹೋಗೂಣು. ಆದ್ರ ದಾರ್ಯಾಗ ಒಂದ ಒಲಿ. ಮನ್ಯಾಗ ಗ್ವಾಡಿ ಹಾಕ್ಕೊಂಡ್ರಿ, ನಾ ಏನೂ ಅನ್ನಲಿಲ್ಲ. ದೇವರ ದಾರ್ಯಾಗ ಎರಡು ಒಲಿ ಹೂಡೂದಾದ್ರ ಬಂಡೀನ ಬ್ಯಾಡ. ವೀರವ್ವಾ, ನೀ ಹಿರೇ ಸೊಸಿ. ನೀನ ಹೋಗಿ ಕುಂಕುಮಾ ಹಚ್ಚಿ ಸಾವಂತ್ರವ್ವನ್ನ ಕರೀಬೇಕು.”

ಸಾವಂತ್ರವ್ವ ನನ್ನ ನೆಗೆಣ್ಣಿ, ಮೈದುನ ಗುದ್ಲೆಪ್ಪನ ಹೆಂಡತಿ. ಹೋದ ವರ್ಷ ಉಳವಿಯಿಂದ ಬಂದ ತಿಂಗಳಿಗೇ ಬೇರೆಯಾದರು. ಮಾಸೂರಿನ ಕೆರೆಯ ಕೆಳಗಿನ ಗದ್ದೆ ಅವರಿಗೆ, ಇಲ್ಲಿನ ಹೊಲ ನಮಗೆ, ಪಡಸಾಲೆಯ ನಡುವೆ ಮಣ್ಣಿನ ಗೋಡೆ. ಗುದ್ಲೆಪ್ಪ ಮಾಸೂರಿನಲ್ಲೇ ಹೆಚ್ಚು ಇರುತ್ತಾನೆ. ಅವಳು ಗೋಡೆಯಾಚೆ ಒಬ್ಬಳೇ. ಅವಳನ್ನು ನಾನು ಕರೆಯಬೇಕಂತೆ!

೧೭ ಜನವರಿ, ಬುಧವಾರ

ಬಾವಿಯ ಹತ್ತಿರ ಸಾವಂತ್ರವ್ವ ಎದುರಾದಳು. ಕೊಡ ಹೊತ್ತಾಗ ಬಲಗಾಲನ್ನು ತುಸು ಎಳೆದು ನಡೆಯುತ್ತಾಳೆ. ವರ್ಷವಾಗುತ್ತ ಬಂದರೂ ಎಳೆಯುವುದು ಬಿಟ್ಟಿಲ್ಲ. ನನ್ನನ್ನು ಕಂಡಾಗಷ್ಟೇ ಎಳೆಯುತ್ತಾಳೋ ಏನೋ.

ನನ್ನದೇ ತಪ್ಪು ಅನ್ನುವವರು ನನ್ನ ಮಾತನ್ನೂ ಕೇಳಬೇಕು. ಹಡೆದವಳು ನಾನು. ಬಂಡಿ ಊರ ಅಗಸಿ ದಾಟಿತೋ ಇಲ್ಲವೋ, ನನ್ನ ಮಗಳು “ಸಣ್ಣವ್ವನ ಬಾಜೂಕ ಕುಂದ್ರತೇನಿ” ಅನ್ನಬೇಕು. ಸಾವಂತ್ರವ್ವ ಅವಳಿಗೆ ಸಣ್ಣವ್ವ. ಊಟಕ್ಕೆ ಕೂತರೆ ಸಣ್ಣವ್ವನ ಕೈತುತ್ತೇ ಆಗಬೇಕು, ಹದಿನೈದು ತುಂಬಿದ ಹುಡುಗಿಗೆ! ಎಂಟು ವರ್ಷ ನೋಡಿದೆ, ಸುಮ್ಮನಿದ್ದೆ. ಹೋದ ವರ್ಷ ಹಾನಗಲ್ಲಿನಾಚೆಯ ಮಾವಿನ ತೋಪಿನಲ್ಲಿ ಶೇಖವ್ವನಿಗೆ ವಾಂತಿ ಹತ್ತಿತು. ನನ್ನ ನಾಲಿಗೆ ಒಂದು ಮಾತು ಜಾರಿತು. ಯಾರ ನಾಲಿಗೆ ಜಾರುವುದಿಲ್ಲ?

೨೪ ಜನವರಿ, ಬುಧವಾರ

ಕರೆದೆಯಾ ಎಂದು ಮಾವ ಕೇಳಿದರು. ನಾಳೆ ಅಂದೆ. ನಾಳೆ ಎಂದವನ ಮನೆ ಹಾಳು ಎಂದು ಅವರೇನೂ ಅನ್ನಲಿಲ್ಲ, ನನಗೇ ನೆನಪಾಯಿತು.

೨೯ ಜನವರಿ, ಸೋಮವಾರ

ಊರ ತುಂಬ ಅಷ್ಟಗ್ರಹದ ಸುದ್ದಿ. ಬರುವ ಅಮಾವಾಸ್ಯೆಗೆ ಎಂಟು ಗ್ರಹಗಳು ಒಂದೇ ಮನೆಯಲ್ಲಿ ಕೂಡುತ್ತವಂತೆ, ಜಗತ್ತು ಮುಳುಗುತ್ತದಂತೆ. ಪಂಚಾಂಗ ಓದುವ ಮೈಲಾರಲಿಂಗಪ್ಪ ಕಟ್ಟೆಯ ಮೇಲೆ ಕೂತು, “ಈ ವರ್ಷ ಬಂಡಿ ಹೂಡೂದು ಚೊಲೊ ಅಲ್ಲ, ದೂರದ ಪಯಣಾ ಬ್ಯಾಡ” ಎಂದು ಸಾರುತ್ತಿದ್ದಾನೆ. ಪಕ್ಕದ ಮನೆಯ ಶಂಕ್ರವ್ವ ಹೇಗೂ ಮುಳುಗುವುದಲ್ಲ ಎಂದು ಇಟ್ಟ ತುಪ್ಪವನ್ನೆಲ್ಲ ಹಾಕಿ ಹೋಳಿಗೆ ಮಾಡಿ ತಿಂದು, ಈಗ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ.

ನನಗೆ ಒಳಗೊಳಗೆ ಹಿಗ್ಗಾಯಿತು. ಬಂಡಿ ಹೋಗದಿದ್ದರೆ ಕರೆಯುವ ಪ್ರಸಂಗವೇ ಇಲ್ಲ. ಮಾವನಿಗೆ ಹೇಳಿ ನೋಡಿದೆ. ಅವರು ನಕ್ಕುಬಿಟ್ಟರು. “ಎಂಟು ಗ್ರಹಾ ಒಂದ ಮನ್ಯಾಗ ಕೂಡತಾವ. ನಮ್ಮ ಮನ್ಯಾಗ ಎರಡು ಒಲಿ ಕೂಡವಲ್ಲವು. ಅಂಜೂದಿದ್ರ ಇದಕ್ಕ ಅಂಜಬೇಕವಾ.”

ನನ್ನ ಗಂಡ ಫಕ್ಕೀರಪ್ಪನವರು ತಂಬಾಕು ತಿಕ್ಕುತ್ತ ಛಾವಣಿ ನೋಡುತ್ತಿದ್ದರು. ಅವರು ಎರಡೂ ಕಡೆಯ ಮಾತು ಕೇಳಿ ಎರಡಕ್ಕೂ ಹೂಂ ಅನ್ನುವವರು.

೨ ಫೆಬ್ರುವರಿ, ಶುಕ್ರವಾರ

ಬಂಡಿಯ ಸಾಮಾನು ತೆಗೆಯಲು ಅಟ್ಟ ಹತ್ತಿದ್ದೆ. ಎತ್ತಿನ ಜೂಲದ ಕೆಳಗೆ ಒಂದು ಹಳೆಯ ಸೀರೆ ಸಿಕ್ಕಿತು, ಸಾವಂತ್ರವ್ವನದು. ಸೆರಗಿನಲ್ಲಿ ಅಂಗೈ ಅಗಲ ಸುಟ್ಟ ತೂತು. ಇಳಿದು ಬರುವಷ್ಟರಲ್ಲಿ ರೊಟ್ಟಿಯ ಹೊತ್ತು ಮೀರಿತ್ತು.

೧೯೫೩. ಅವಳು ಮದುವೆಯಾಗಿ ಬಂದ ಮೇಲೆ ಮೊದಲ ಉಳವಿ. ಅದೇ ಮಾವಿನ ತೋಪಿನಲ್ಲಿ ಇದ್ದಕ್ಕಿದ್ದಂತೆ ಹನಿ ಶುರುವಾಯಿತು. ಒಲೆ ಹೊತ್ತಲೊಲ್ಲದು. ಏಳು ವರ್ಷದ ಶೇಖವ್ವ ಹಸಿವೆಂದು ಅಳುತ್ತಿದ್ದಳು. ಸಾವಂತ್ರವ್ವ ಮೈಮೇಲಿನ ಹೊಸ ಸೀರೆಯ ಸೆರಗನ್ನು ಒಲೆಗೆ ಚಪ್ಪರದಂತೆ ಹಿಡಿದು ಕೂತಳು. ಬೆಂಕಿ ಹತ್ತಿತು, ಸೆರಗೂ ಹತ್ತಿತು. ಇಬ್ಬರೂ ಚೀರುತ್ತ, ಕೆಸರು ಬಡಿದು ಆರಿಸಿ, ಆಮೇಲೆ ನಕ್ಕ ನಗೆ! ಮಾವ ಆಚೆ ಬಂಡಿಯ ಹತ್ತಿರ ನಿಂತು, “ಸೊಸ್ತ್ಯಾರಿಗೆ ಏನ ಹಿಡದೈತಿ?” ಎಂದು ಬೆರಗಾಗಿದ್ದರು.

ಅವತ್ತೇ ಮಾವ ಆ ಮೂರು ಕಲ್ಲುಗಳನ್ನು ಗೊತ್ತು ಮಾಡಿದ್ದು. ಒಂದು ಹಿರೇ ಸೊಸೆಯದು, ಒಂದು ಕಿರೇ ಸೊಸೆಯದು, ಒಂದು ಮನೆಮಗಳದು. ಅವರವರ ಕಲ್ಲು ಅವರವರೇ ಹೂಡಬೇಕು. ಬಂಡಿ ಹೊರಡುವಾಗ ಮಾವಿನ ಬುಡಕ್ಕೆ ಒರಗಿಸಿಟ್ಟು ಬರುವುದು. ಮರುವರ್ಷ ಮಸಿ ಹಿಡಿದ ಅವೇ ಕಲ್ಲುಗಳು ಅಲ್ಲೇ ಕಾಯುತ್ತಿರುತ್ತಿದ್ದವು. ಯಾರೂ ಮುಟ್ಟುತ್ತಿರಲಿಲ್ಲ.

ಹಳ್ಳದಲ್ಲಿ ಸೀರೆ ಒಗೆದು ಒಂದೊಂದು ತುದಿ ಹಿಡಿದು ಹಿಂಡುತ್ತಿದ್ದೆವು. ಅವಳ ತಲೆಗೆ ನಾನು, ನನ್ನ ತಲೆಗೆ ಅವಳು ಎಣ್ಣೆ ಹಚ್ಚುತ್ತಿದ್ದೆವು. ಊರಿನಲ್ಲಿ, ಆಗಿನ್ನೂ ಬದುಕಿದ್ದ ಅತ್ತೆಯ ಕಣ್ಣಳತೆಯಲ್ಲಿ ಆಡಲಾಗದ ಮಾತೆಲ್ಲ ಅಲ್ಲಿ ಆಡುತ್ತಿದ್ದೆವು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಸೀರೆಯನ್ನು ಮಡಿಸಿ ನನ್ನ ಟ್ರಂಕಿನಲ್ಲಿ ಇಟ್ಟೆ. ಅಟ್ಟದಲ್ಲಿ ಇಲಿ ಜಾಸ್ತಿ.

೫ ಫೆಬ್ರುವರಿ, ಸೋಮವಾರ, ಅಮಾವಾಸ್ಯೆ

ಇವತ್ತೇ ಜಗತ್ತು ಮುಳುಗಬೇಕಾದ ದಿನ. ಓಣಿಯಲ್ಲಿ ಒಬ್ಬರೂ ಹೊಲಕ್ಕೆ ಹೋಗಲಿಲ್ಲ. ನನಗೆ ಮುಳುಗುವ ಭಯವಿರಲಿಲ್ಲ. ಆದರೂ ಮುಳುಗಿಯೇ ಬಿಟ್ಟರೆ ಒಂದು ಮಾತು ಒಳಗೇ ಉಳಿಯುತ್ತದಲ್ಲ ಎಂದು ಬೆಳಗಿನಿಂದ ಕೈಕಾಲು ಆಡಲಿಲ್ಲ. ಇಲ್ಲಿಯಾದರೂ ಬರೆಯುತ್ತೇನೆ.

ಹೋದ ವರ್ಷ ತೋಪಿನಲ್ಲಿ ನುಚ್ಚು ಕುದಿಯುತ್ತಿತ್ತು. ಶೇಖವ್ವ ಎರಡು ಸಲ ವಾಂತಿ ಮಾಡಿ ಸಣ್ಣವ್ವನ ತೊಡೆಯ ಮೇಲೆ ಮಲಗಿದಳು. ನನ್ನ ತೊಡೆಯ ಮೇಲಲ್ಲ. ಬೇರೆ ಊರುಗಳ ಬಂಡಿಯವರೆಲ್ಲ ನೋಡುತ್ತಿದ್ದರು. ನಾನು ಅಂದೆ: “ಬಂಜಿ ಕೈತುತ್ತು ಹಡದವರ ಮಕ್ಕಳಿಗೆ ಹ್ಯಾಂಗ ದಕ್ಕೀತು?” ಅಷ್ಟಕ್ಕೆ ನಿಲ್ಲಲಿಲ್ಲ. “ಇದು ನನ್ನ ಕಲ್ಲು, ನನ್ನ ಒಲಿ ಬ್ಯಾರೆ” ಎಂದು ಉರಿಯುವ ಒಲೆಯಿಂದ ನನ್ನ ಕಲ್ಲನ್ನು ಕಟ್ಟಿಗೆಯಿಂದ ಎಳೆದೆ. ಗಡಿಗೆ ಉರುಳಿತು. ಕುದಿಯುವ ನುಚ್ಚು ಅವಳ ಬಲಗಾಲಿನ ಮೇಲೆ ಬಿತ್ತು. ಅವಳು ಚೀರಲೂ ಇಲ್ಲ. ಶೇಖವ್ವನ ತಲೆಯನ್ನು ಮೆಲ್ಲಗೆ ಕೆಳಗಿಟ್ಟು, ಕುಂಟುತ್ತ ಹಳ್ಳಕ್ಕೆ ಹೋದಳು.

ಇನ್ನೊಂದಿದೆ. ಇದು ನನ್ನೊಬ್ಬಳಿಗೇ ಗೊತ್ತು. ಶೇಖವ್ವನ ಹೊಟ್ಟೆ ಕೆಟ್ಟದ್ದು ಸಾವಂತ್ರವ್ವನ ತುತ್ತಿನಿಂದಲ್ಲ, ನನ್ನ ಕರಚೀಕಾಯಿಯಿಂದ. ಹಳೆಯ ಕೊಬ್ಬರಿ ಹಾಕಿ ಮಾಡಿದ್ದೆ. ಮುಗ್ಗು ವಾಸನೆ ಬಂದಿತ್ತು. ಮರುದಿನ ಡಬ್ಬಿ ತೆಗೆದಾಗ ಗೊತ್ತಾಯಿತು. ಯಾರಿಗೂ ಹೇಳದೆ ಹಳ್ಳಕ್ಕೆ ಚೆಲ್ಲಿದೆ. ಅವಳಿಗೆ ಇದು ತಿಳಿದರೆ ನಾನು ಯಾವ ಮುಖದಿಂದ ಬಾವಿಗೆ ಹೋಗಲಿ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಜಗತ್ತು ಸಂಜೆಯತನಕ ಉಳಿದರೆ ಹೇಳಿಬಿಡುತ್ತೇನೆ ಎಂದುಕೊಂಡೆ. ಉಳಿಯಿತು. ದೀಪ ಹಚ್ಚಿದ ಮೇಲೆ ಅವಳ ಬಾಗಿಲಿಗೆ ಹೋದೆ. ಅವಳು ಎದ್ದು ನಿಂತಳು. “ಬಾ ಅಕ್ಕಾ,” ಎಂದಳು. ನನ್ನ ಬಾಯಿಂದ ಬಂದದ್ದು: “ತುಸು ಹೆಪ್ಪು ಇದ್ರ ಕೊಡ.”

ದೀಪ ಹಚ್ಚಿದ ಮೇಲೆ ಯಾರಾದರೂ ಹೆಪ್ಪು ಕೇಳುತ್ತಾರೆಯೇ? ಅದೂ ಅಮಾವಾಸ್ಯೆಯಂದು? ಆ ಹೊತ್ತಿನಲ್ಲಿ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿಯೇ ಹೋಗುತ್ತಾಳೆ ಅನ್ನುತ್ತಾರೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಒಳಗೆ ಹೋಗಿ, ಕಂಚಿನ ಬಟ್ಟಲಿನಲ್ಲಿ ತಂದುಕೊಟ್ಟಳು. ಹಂಗೇ ತಿರುಗಿ ಬಂದೆ.

೬ ಫೆಬ್ರುವರಿ, ಮಂಗಳವಾರ

ಜಗತ್ತು ಮುಳುಗಲಿಲ್ಲ. ಮೊಸರು ಗಟ್ಟಿಯಾಗಿದೆ.

೯ ಫೆಬ್ರುವರಿ, ಶುಕ್ರವಾರ

ಎರಡು ದಿನದಿಂದ ಗೋಡೆಯಾಚೆ ಬೀಸುಕಲ್ಲು ನಿಂತಿಲ್ಲ. ಇವತ್ತು ಎಳ್ಳು ಹುರಿಯುವ ವಾಸನೆ ಬಂತು. ಒಬ್ಬಳ ಹೊಟ್ಟೆಗೆ ಅಷ್ಟು ಹಿಟ್ಟು ಬೇಕಿಲ್ಲ. ಬುತ್ತಿಗೆ ಬೀಸುತ್ತಿದ್ದಾಳೆ. ನಾನು ಅವತ್ತು ಬಂದದ್ದು ಕರೆಯಲೆಂದೇ, ಬಾಯಿ ಕಟ್ಟಿತು ಎಂದು ತಿಳಿದುಕೊಂಡಿರಬೇಕು. ಕುಂಕುಮ ಹಚ್ಚುವುದಕ್ಕೆ ಕಾಯುತ್ತಿದ್ದಾಳೆ.

ಕುಂಕುಮದ ಭರಣಿಯನ್ನು ಮೂರು ಸಲ ಕೈಗೆ ತೆಗೆದುಕೊಂಡೆ. ಹನ್ನೆರಡು ದಿನ ಒಂದೇ ಒಲೆಯ ಮುಂದೆ ಕೂತು, ಆ ಕಾಲನ್ನು ನೋಡುತ್ತ ರೊಟ್ಟಿ ಹೇಗೆ ಬಡಿಯಲಿ? ಅಷ್ಟರಲ್ಲಿ ಮಾವ ಬಂದು ಕೇಳಿದರು: “ಕರದಿ ಹೌದಲ್ಲೋ?”

“ಕರದೇನ್ರಿ,” ಎಂದೆ. “ಮಾಸೂರಾಗ ಗದ್ದಿಗೆ ನೀರ ಹಾಯಿಸೂದೈತಂತ. ಈ ವರ್ಷ ಬರಾಕಾಗೂದಿಲ್ಲಂದ್ಲು.”

ಅಷ್ಟು ಸಲೀಸಾಗಿ ಬಂತು ಸುಳ್ಳು. ಮಾವ ನಿಟ್ಟುಸಿರು ಬಿಟ್ಟು ಹೇಳಿದರು: “ಕರದ್ಯಲ್ಲಾ, ಅಷ್ಟ ಸಾಕವಾ. ಕರಿಯೂದ ದೊಡ್ಡದು.”

ಬೀಸುಕಲ್ಲಿನ ಸದ್ದು ಈಗಲೂ ಬರುತ್ತಿದೆ.

೧೧ ಫೆಬ್ರುವರಿ, ರವಿವಾರ, ಅಕ್ಕಿಆಲೂರು

ಮೊದಲ ವಸ್ತಿ ನನ್ನ ತವರಿನ ಕಣದಲ್ಲಿ. ಎಲ್ಲರೂ ಹರಟೆಗೆ ಕೂತಿದ್ದಾರೆ. ತಲೆನೋವೆಂದು ಬಂದು ಬಂಡಿಯಲ್ಲಿ ಕೂತಿದ್ದೇನೆ.

ಬೆಳಿಗ್ಗೆ ಬಂಡಿ ಹೂಡಿದಾಗ ಸಾವಂತ್ರವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ತಲೆಗೆ ಹೂ ಮುಡಿದಿದ್ದಳು. ಎತ್ತಿನ ಕೊರಳಿಗೆ ನೊಗ ಏರುವವರೆಗೂ ಕಾದಿದ್ದಾಳೆ. ಹೊಸ್ತಿಲ ಒಳಗಡೆ ಅವಳ ಹಾಸಿಗೆಯ ಸುರುಳಿ ಕಂಡಿತು.

ಬುತ್ತಿಯ ಗಂಟನ್ನು ತಂದು ಶೇಖವ್ವನ ಕೈಗೆ ಕೊಟ್ಟಳು. ಬಂಡಿಯ ಮೇಲಿನಿಂದ ಮಾವ ಕೇಳಿದರು: “ಗದ್ದಿಗೆ ನೀರ ಬಿಡಾಕ ಎಂದ ಹೊಂಟೀ ತಂಗಿ?”

ಸಾವಂತ್ರವ್ವ ನನ್ನ ಕಡೆ ನೋಡಿದಳು. ಎಲ್ಲ ತಿಳಿಯಿತು ಅವಳಿಗೆ. “ನಾಳಿಗೆ ಹೊಂಟೇನ್ರಿ ಮಾವ,” ಎಂದಳು. “ಹುಷಾರಿಲೆ ಹೋಗಿ ಬರ್ರಿ.”

ಬಂಡಿ ಓಣಿ ದಾಟುವವರೆಗೆ ನಾನು ತಿರುಗಿ ನೋಡಲಿಲ್ಲ. ನೋಡಬೇಕಿತ್ತು.

೧೨ ಫೆಬ್ರುವರಿ, ಸೋಮವಾರ, ಮಾವಿನ ತೋಪು

ಮಧ್ಯಾಹ್ನ ತೋಪು ಮುಟ್ಟಿದೆವು. ಮಾವು ಹೂಬಿಟ್ಟು ನಿಂತಿದೆ. ಬುಡದಲ್ಲಿ ಎರಡು ಕಲ್ಲು ಇದ್ದವು, ಅವಳದು ಮತ್ತು ಶೇಖವ್ವನದು. ನನ್ನದು ಇಪ್ಪತ್ತು ಹೆಜ್ಜೆ ಆಚೆ, ನಾನು ಬೇರೆ ಒಲೆ ಹೂಡಿದ್ದ ಜಾಗದಲ್ಲಿ, ಕಸದೊಳಗೆ ಬಿದ್ದಿತ್ತು. ಹೋಗಿ ಎತ್ತಿಕೊಂಡು ಬಂದೆ. ಇಷ್ಟು ಭಾರವಿದ್ದದ್ದು ನೆನಪಿರಲಿಲ್ಲ.

ಶೇಖವ್ವ ತನ್ನ ಕಲ್ಲು ಹೂಡಿದಳು. ಸಣ್ಣವ್ವನದನ್ನೂ ಅವಳೇ ಹೂಡಿದಳು. ಆಮೇಲೆ ಸಣ್ಣವ್ವ ಕೊಟ್ಟ ಗಂಟು ಬಿಚ್ಚಿದಳು. ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಅವುಗಳ ಕೆಳಗೆ ಒಂದು ಡಬ್ಬಿ ಕರಚೀಕಾಯಿ. ನನ್ನ ಮೈ ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. “ಇದನ್ಯಾಕ ಕಳಿಸ್ಯಾಳ ಆಕಿ? ನನಗ ಚುಚ್ಚಾಕ?” ಎಂದೆ.

ಶೇಖವ್ವ ನನ್ನನ್ನೇ ನೋಡಿದಳು. “ನಿನಗ ಸೇರತಾವಂತ ಕಳಿಸ್ಯಾಳ ಅವ್ವಾ. ಹೋದ ವರ್ಷ ನಿನ್ನವು ಮುಗ್ಗ ಹಿಡದಿದ್ವು, ಈ ಸಲ ಹೊಸಾ ಕೊಬ್ಬರೀದು ತಿನ್ಲಿ ಅಂದ್ಲು.”

“ಆಕಿಗೆ ಯಾರ ಹೇಳಿದ್ರು?”

“ನಾನ. ವಾಂತಿ ಆದಾಗ ಆಕಿ ತೊಡೀ ಮ್ಯಾಲ ಮಲಗಿ ಹೇಳಿದ್ದೆ, ಅವ್ವನ ಕರಚೀಕಾಯಿ ತಿಂದಿದ್ದೆ ಅಂತ. ‘ನಿಮ್ಮವ್ವನ ಮುಂದ ಅನಬ್ಯಾಡ. ಪ್ರೀತೀಲೆ ಮಾಡ್ಯಾಳ, ನೊಂದಕೊಂತಾಳ’ ಅಂದಿದ್ಲು. ಆಮ್ಯಾಲನ ನೀ ಆಕಿಗೆ ಆ ಮಾತ ಅಂದಿ.”

ಆ ಮಾತು ನನ್ನ ಬಾಯಿಂದ ಬೀಳುವ ಮೊದಲೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೈಸಿಕೊಂಡಳು. ಸುಟ್ಟ ಕಾಲಿಟ್ಟುಕೊಂಡು ಹನ್ನೊಂದು ದಿನ ನಮ್ಮ ಜೊತೆ ದಾರಿ ಸವೆಸಿದಳು. ಎಲ್ಲಿ ಅವಳಿಗೆ ತಿಳಿದೀತೋ ಎಂದು ನಾನು ವರ್ಷವಿಡೀ ಮುಖ ತಪ್ಪಿಸಿದೆ.

ಮಾವನ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ, ಕರೆಯಲಿಲ್ಲ ಎಂಬುದನ್ನೂ. “ಬಂಡಿ ಹೊರಳಸ್ರಿ ಮಾವ, ಆಕೀನ ಕರಕೊಂಡು ಬರೂಣು” ಎಂದು ಅತ್ತುಬಿಟ್ಟೆ. ಅವರು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. “ಉಳವಿಗಂತ ಹೂಡಿದ ಬಂಡಿ ಹಿಂದಕ್ಕ ಹೊರಳಂಗಿಲ್ಲ. ಬೈಲಿಕ್ಕೂ ನನಗ ಬಾಯಿಲ್ಲ, ಗ್ವಾಡಿ ಹಾಕೂಮುಂದ ನಾನೂ ಸುಮ್ನ ಕುಂತಿದ್ದೆ. ಆಕಿ ರೊಟ್ಟೀನ ಮೊದಲ ಹಂಚು,” ಎಂದರು.

ರೊಟ್ಟಿ ತೆಗೆದೆ. ಐದು ಪಾಲು ಮಾಡಿದೆ. ಮಾಡಿದ ಮೇಲೆ ಗೊತ್ತಾಯಿತು, ನಾವು ನಾಲ್ಕೇ ಜನ ಎಂದು.

೨೭ ಫೆಬ್ರುವರಿ, ಮಂಗಳವಾರ, ಚಿಕ್ಕೇರೂರು

ದಾರಿಯಲ್ಲಿ ಬರೆಯಲಿಲ್ಲ. ಶೇಖವ್ವ ಎಲ್ಲ ವಸ್ತಿಗಳಲ್ಲೂ ಸುಮ್ಮನೆ ಊಟ ಮಾಡಿದಳು. ಇದು ನನ್ನ ಮಗಳ ಕೊನೆಯ ಉಳವಿ. ಕೆಡಿಸಿದವಳು ನಾನು.

ನಾವು ಇಲ್ಲದಾಗ ಚುನಾವಣೆ ನಡೆದುಹೋಗಿ ಊರ ಗೋಡೆಗಳ ತುಂಬ ಸುಣ್ಣದ ಚಿತ್ರಗಳಿವೆ. ಅವಳ ಬಾಗಿಲಿಗೆ ಕೀಲಿ. ಶಂಕ್ರವ್ವ ಹೇಳಿದಳು: “ನೀವ ಹೋದ ಮರುದಿನಾನ ಹೋದ್ಲು ನೋಡ. ಗದ್ದ್ಯಾಗ ಏನೂ ಕೆಲಸಿಲ್ಲ, ಈಗ್ಯಾಕ ಹೊಂಟಿ ಅಂದೆ. ‘ಹೋಗತೇನಂತ ಮಾವಗ ಹೇಳೇನಿ’ ಅಂದ್ಲು.”

ನನ್ನ ಸುಳ್ಳನ್ನು ನಿಜ ಮಾಡಲು ಹೋಗಿದ್ದಾಳೆ.

ಅವಳ ಕಂಚಿನ ಬಟ್ಟಲು ನಮ್ಮ ಮಾಡಿನಲ್ಲೇ ಇದೆ. ಬಟ್ಟಲನ್ನು ಬರಿದಾಗಿ ತಿರುಗಿ ಕೊಡಬಾರದು. ಏನು ಹಾಕಿ ಕೊಡಲಿ?

೪ ಮಾರ್ಚ್, ರವಿವಾರ

ಮಾಸೂರಿಗೆ ಹೋಗಿ ಬಂದೆ. ಹೊಸ ಕೊಬ್ಬರಿ ತಂದು ಕರಚೀಕಾಯಿ ಕರಿದಿದ್ದೆ, ಮೊದಲು ನಾನು ತಿಂದು ನೋಡಿದ್ದೆ. ಬಟ್ಟಲು ತುಂಬಿಕೊಂಡು, ಕುಂಕುಮದ ಭರಣಿ ಹಿಡಿದು, ಬಸ್ಸಿಳಿದು ಕೆರೆಯ ಏರಿಯ ಮೇಲೆ ನಡೆದೆ. ಅವಳು ಗದ್ದೆಯಲ್ಲಿ ಸೀರೆ ಮೇಲೆ ಕಟ್ಟಿ ಕಳೆ ಕೀಳುತ್ತಿದ್ದಳು. ನನ್ನನ್ನು ಕಂಡು ಕಾಲುವೆಗೆ ಬಂದು ಕಾಲು ತೊಳೆದುಕೊಂಡಳು. ಆಗ ನೋಡಿದೆ. ಪಾದದಿಂದ ಮೀನಖಂಡದವರೆಗೆ ಚರ್ಮ ಸುಕ್ಕಾಗಿ ಮುದುಡಿದೆ. ವರ್ಷವಿಡೀ ಒಂದೇ ಬಾವಿಯ ನೀರು ಸೇದಿದರೂ ನಾನು ಆ ಕಾಲನ್ನು ಸರಿಯಾಗಿ ನೋಡಿರಲಿಲ್ಲ.

ಹೇಳಬೇಕೆಂದದ್ದನ್ನೆಲ್ಲ ಬದುವಿನ ಮೇಲೆ ಕೂತು ಹೇಳಿದೆ. ಆ ಕಾಲನ್ನು ಮುಟ್ಟಲು ಹೋದೆ. ಅವಳು ಕೈ ಹಿಡಿದುಕೊಂಡಳು. “ಬಿಡ ಅಕ್ಕಾ, ಎಲ್ಲಾ ಗೊತ್ತಿತ್ತು,” ಎಂದಳು. ಕರಚೀಕಾಯಿ ಒಂದನ್ನು ಮುರಿದು ಅರ್ಧ ನನ್ನ ಬಾಯಿಗೆ ಇಟ್ಟಳು. ಅವಳ ಹಣೆಗೆ ಕುಂಕುಮ ಹಚ್ಚಿದೆ, ಇಪ್ಪತ್ತೊಂದು ದಿನ ತಡವಾಗಿ.

“ಮುಂದಿನ ವರ್ಷ ಕೂಡೇ ಹೋಗೂಣು. ಮೂರೂ ಕಲ್ಲು ಬುಡಕ್ಕ ಇಟ್ಟ ಬಂದೇನಿ,” ಎಂದೆ.

ಅವಳು ನಕ್ಕಳು. ಅದೇ ಹಳೆಯ ನಗೆ. ಆಮೇಲೆ ಕಾಲುವೆಯ ನೀರು ನೋಡುತ್ತ ಹೇಳಿದಳು: “ಹೋಗೂಣು ಅಕ್ಕಾ. ಆದ್ರ ಮುಂದಿನ ವರ್ಷ ಶೇಖವ್ವ ಇರೂದಿಲ್ಲಲ್ಲ.”